"ಇತರೆ" ಅಂತ ಬರೆದಿದ್ದ ಡಬ್ಬ

ಅಕ್ಕಾ, ನಿನ್ನೆ ರಾತ್ರಿ ಗ್ರೂಪಿನಲ್ಲಿ ನಡೆದದ್ದೆಲ್ಲ ಈಗ ಓದಿದೆ. ವಾಯ್ಸ್ ಕಳಿಸೋಣ ಅಂದುಕೊಂಡೆ, ಪಕ್ಕದಲ್ಲೇ ಮಗು ಮಲಗಿದೆ, ಅದಕ್ಕೆ ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತದೆ. ಭಾವ, ನೀವೂ ಪೂರ್ತಿ ಓದಿ, ಸುಮ್ನೆ ಹೆಬ್ಬೆಟ್ಟು ಒತ್ತಿ ತಪ್ಪಿಸಿಕೊಳ್ಳಬೇಡಿ.

ಮೊದಲು ಚಿಕ್ಕಪ್ಪನಿಗೆ ವಿಷಯ ಹೇಳಿಬಿಡುತ್ತೇನೆ, ಪಾಪ ಅವರು ಬೆಳಿಗ್ಗೆ ಎದ್ದು "ಏನಾಯ್ತು?" ಅಂತ ಕೇಳಿದ್ದಾರೆ, ಯಾರೂ ಉತ್ತರ ಕೊಟ್ಟಿಲ್ಲ. ಅಕ್ಕನ ಮನೆ ಬದಲಾಯಿಸಿ ಮೂರು ವಾರ ಆಯಿತಲ್ಲ ಚಿಕ್ಕಪ್ಪ, ಅಮ್ಮನ ಬಿಪಿ ನೋಡುವ ಮಷೀನು ನಾಲ್ಕು ದಿನ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು "ಇತರೆ" ಅಂತ ಬರೆದಿದ್ದ ರಟ್ಟಿನ ಡಬ್ಬದಲ್ಲಿ, ಹಳೇ ವೈರುಗಳ ಕೆಳಗೆ. ಆಗ ಅಕ್ಕನಿಗೆ ಸಿಟ್ಟು ಬಂತು. "ಒಬ್ಬೊಬ್ಬರಿಗೂ ತಮ್ಮ ಸಾಮಾನು ಎಲ್ಲಿದೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು, ಅಮ್ಮನದು ಮಾತ್ರ ಯಾರಿಗೂ ಗೊತ್ತಿಲ್ಲ, ಎಲ್ಲ ಸ್ವಾರ್ಥಿಗಳು" ಅಂತ ಬರೆದಳು. ಅದಕ್ಕೆ ಭಾವ, ಪ್ಯಾಕಿಂಗ್ ಮುಕ್ಕಾಲು ಪಾಲು ನಾನೇ ಮಾಡಿದ್ದು ಅಂದರು. ತಮ್ಮ, ಅರ್ಧ ನಾನು ಮಾಡಿದೆ ಅಂದ. ಅಕ್ಕ, ಎಲ್ಲ ನಾನೊಬ್ಬಳೇ ಮಾಡಿದ್ದು ಅಂದಳು. ನಾನು ಕೂಡಿಸಿ ನೋಡಿದೆ. ನೀವು ಮೂರು ಜನ ಸೇರಿ ಎರಡೂಕಾಲು ಮನೆ ಖಾಲಿ ಮಾಡಿದ್ದೀರಿ.

ನಗಬೇಡಿ, ಯಾರೂ ಸುಳ್ಳು ಹೇಳುತ್ತಿಲ್ಲ. ನಾನು ಸೈಕಾಲಜಿ ಓದುವಾಗ "ಇದರಿಂದ ಮನೆಗೇನು ಉಪಯೋಗ" ಅಂತ ಕೇಳುತ್ತಿದ್ದೆಯಲ್ಲ ಅಕ್ಕಾ, ಇವತ್ತು ಸ್ವಲ್ಪ ಉಪಯೋಗಕ್ಕೆ ಬರುತ್ತದೆ ನೋಡು.

ನೀನು ಸ್ವಾರ್ಥ ಅಂದೆ. ನನಗೆ ಹಾಗೆ ಅನಿಸುವುದಿಲ್ಲ. ನೆನಪು ಅನ್ನುವುದೇ "ಇದು ನನ್ನದಾ?" ಅಂತ ಮೊದಲು ಕೇಳಿಕೊಂಡು ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತದೆ. 1977ರಲ್ಲಿ ರೋಜರ್ಸ್ ಮತ್ತು ಅವರ ಜೊತೆಯವರು ಒಂದು ಸರಳ ಪ್ರಯೋಗ ಮಾಡಿದರು. ನಾಚಿಕೆ, ಧೈರ್ಯ, ಹಠ ಇಂಥ ಗುಣಗಳನ್ನು ಹೇಳುವ ನಲವತ್ತು ಪದಗಳು. ಕೆಲವು ಪದಕ್ಕೆ ಅಕ್ಷರ ದೊಡ್ಡದಾ ಸಣ್ಣದಾ ಅಂತ ಕೇಳಿದರು, ಕೆಲವಕ್ಕೆ ಪ್ರಾಸ ಕೂಡುತ್ತದಾ ಅಂತ, ಕೆಲವಕ್ಕೆ ಅರ್ಥ ಇದೇನಾ ಅಂತ. ಇನ್ನು ಕೆಲವಕ್ಕೆ ಒಂದೇ ಪ್ರಶ್ನೆ: ಈ ಮಾತು ನಿಮಗೆ ಹೊಂದುತ್ತದಾ? ಆಮೇಲೆ ಮುನ್ಸೂಚನೆ ಇಲ್ಲದೆ ಪದಗಳನ್ನು ನೆನಪು ಮಾಡಿಕೊಂಡು ಬರೆಯಿರಿ ಅಂದರು. ಎಲ್ಲಕ್ಕಿಂತ ಜಾಸ್ತಿ ನೆನಪಿದ್ದದ್ದು ಆ ಕೊನೆಯ ಪ್ರಶ್ನೆ ಕೇಳಿದ ಪದಗಳು. ಹೊಂದುವುದಿಲ್ಲ ಅಂದರೂ ಸರಿ, ಒಂದು ಸಲ ತನ್ನ ಪಕ್ಕ ಇಟ್ಟು ನೋಡಿದರೆ ಸಾಕು, ಪದ ಅಂಟಿಕೊಳ್ಳುತ್ತದೆ.

ಅದು ಗುಣದ ಮಾತಾಯಿತು. ಸಾಮಾನಿಗೂ ಹೀಗೇನಾ? ಇಲ್ಲೇ ನಿಮ್ಮ ಡಬ್ಬಗಳು ಬರುತ್ತವೆ. 2008ರಲ್ಲಿ ಶೀಲಾ ಕನಿಂಗ್‌ಹ್ಯಾಮ್ ಅನ್ನುವವರು ಮತ್ತವರ ಜೊತೆಯವರು ಜನರನ್ನು ಇಬ್ಬಿಬ್ಬರಾಗಿ ಕೂರಿಸಿದರು. ಎದುರಿಗೆ ಎರಡು ಬುಟ್ಟಿ, ಬೇರೆ ಬೇರೆ ಬಣ್ಣ, ಒಂದು ನಿಮ್ಮದು, ಒಂದು ಅವರದು. ಅಂಗಡಿ ಸಾಮಾನಿನ ಚಿತ್ರ ಇರುವ ಕಾರ್ಡುಗಳನ್ನು ಬಣ್ಣ ನೋಡಿ ಆಯಾ ಬುಟ್ಟಿಗೆ ಹಾಕಬೇಕು, ಅಷ್ಟೇ ಕೆಲಸ. ಯಾರೂ ದುಡ್ಡು ಕೊಟ್ಟಿಲ್ಲ, ಸಾಮಾನು ಯಾರೂ ಮನೆಗೆ ಒಯ್ಯುವುದಿಲ್ಲ, ಅದು ಬರೀ ಚಿತ್ರ! ಆದರೂ ಆಮೇಲೆ ಕೇಳಿದಾಗ ತಮ್ಮ ಬುಟ್ಟಿಗೆ ಬಿದ್ದದ್ದು ಚೆನ್ನಾಗಿ ನೆನಪಿತ್ತು, ಪಕ್ಕದವರದು ಅಷ್ಟಿಲ್ಲ. ಎರಡನ್ನೂ ನೋಡಿದ್ದು ಅದೇ ಕಣ್ಣು. 2010ರಲ್ಲಿ ಇನ್ನೂ ಸ್ವಲ್ಪ ಕೆದಕಿ ನೋಡಿದರು. ತಮ್ಮ ಸಾಮಾನಿನ ವಿಷಯಕ್ಕೆ ಬಂದರೆ ಜನರಿಗೆ "ಎಲ್ಲೋ ನೋಡಿದ ಹಾಗಿದೆ" ಅನ್ನುವ ಮಸುಕು ನೆನಪಲ್ಲ, ಆ ಗಳಿಗೆಯೇ ಕಣ್ಮುಂದೆ ಬರುವಂಥ ನೆನಪು ಜಾಸ್ತಿ ಇತ್ತು.

ಈಗ ನಿಮ್ಮ ಹಾಲ್ ನೆನಪಿಸಿಕೊಳ್ಳಿ. ಆ ದಿನ ನಾನೂ ಇದ್ದೆ. ನಿಮ್ಮ ಮಗ ಪುಟ್ಟ, ಕೈಯಲ್ಲಿ ಸ್ಕೆಚ್ ಪೆನ್ನು ಹಿಡಿದು ಒಂದೊಂದು ಡಬ್ಬದ ಮೇಲೆ ಹೆಸರು ಬರೆಯುತ್ತಿದ್ದ. ಅಪ್ಪ, ಅಮ್ಮ, ಮಾಮ, ಮತ್ತೆ ತನ್ನದಕ್ಕೆ ಮೂರು ಕಡೆ ಹೆಸರು, ಒಂದು ನಕ್ಷತ್ರ ಬೇರೆ. ಟೇಪ್ ಹಚ್ಚಿದ ಮೇಲೂ ಕೈಯಲ್ಲಿ ತಟ್ಟಿ ತಟ್ಟಿ ನೋಡುತ್ತಿದ್ದ. ಲಾರಿಯಿಂದ ಇಳಿಸುವಾಗ ಯಾವ ಡಬ್ಬ ಎಲ್ಲಿ ಹೋಯಿತು ಅಂತ ಯಾರೂ ನೋಡುತ್ತಿರಲಿಲ್ಲ, ಇವನು ಮಾತ್ರ "ನನ್ನದು ಕಿಟಕಿ ಕೆಳಗೆ" ಅಂತ ಅಲ್ಲಿಂದಲೇ ಕೂಗಿದ. ಭಾವ, ನಿಮ್ಮ ಸ್ಕ್ರೂಡ್ರೈವರ್ ಸೆಟ್ ಯಾವ ಡಬ್ಬದಲ್ಲಿ, ಎಡಗಡೆನಾ ಬಲಗಡೆನಾ ಅಂತ ನಿಮಗೆ ಗೊತ್ತಿತ್ತು. ತಮ್ಮನಿಗೆ ಅವನ ಚಾರ್ಜರ್ ಗೊತ್ತಿತ್ತು. ಬಿಪಿ ಮಷೀನು ಯಾರದು? ಎಲ್ಲರದೂ. ಕೊನೆಗೆ ಉಳಿದದ್ದನ್ನೆಲ್ಲ ತುಂಬಿದ ಡಬ್ಬಕ್ಕೆ ಹೋಯಿತು, ಪುಟ್ಟ ಅದರ ಮೇಲೆ "ಇತರೆ" ಅಂತ ಬರೆದ. ಎಲ್ಲರದೂ ಅಂದರೆ ಯಾರ ಬುಟ್ಟಿಗೂ ಬೀಳದ್ದು ಅಂತ ಅರ್ಥ. ಅಮ್ಮನ ಮೇಲೆ ಪ್ರೀತಿ ಇಲ್ಲ ಅಂತಲ್ಲ ಅಕ್ಕಾ. ಆ ಮಷೀನು ಯಾರ ತಲೆಯಲ್ಲೂ "ನನ್ನದು" ಅಂತ ಚೀಟಿ ಅಂಟಿಸಿಕೊಂಡಿರಲಿಲ್ಲ.

ನೆನಪಿಗಿಂತ ಮುಂಚೆ ಗಮನದಲ್ಲೇ ಇದು ಶುರುವಾಗುತ್ತದೆ ಅನ್ನುವುದು ಇನ್ನೂ ಮಜಾ. 2012ರಲ್ಲಿ ಜೀ ಸುಯಿ, ಶುನ್ ಹೆ, ಗ್ಲಿನ್ ಹಂಫ್ರೀಸ್ ಅಂತ ಮೂರು ಜನ ತ್ರಿಕೋನ, ವೃತ್ತ, ಚೌಕ ತೋರಿಸಿ, ಒಂದು ನೀವು, ಒಂದು ನಿಮ್ಮ ಫ್ರೆಂಡು, ಒಂದು ಯಾರೋ ಗೊತ್ತಿಲ್ಲದವರು ಅಂದುಕೊಳ್ಳಿ ಅಂದರು. ತ್ರಿಕೋನಕ್ಕೂ ನಮಗೂ ಏನು ಸಂಬಂಧ ಹೇಳಿ? ಆದರೂ ಆಕಾರ ಮತ್ತು ಹೆಸರು ಸರಿ ಹೊಂದುತ್ತದಾ ಇಲ್ಲವಾ ಅಂತ ಬಟನ್ ಒತ್ತುವಾಗ, "ನಾನು" ಅಂತ ಹೆಸರಿಟ್ಟ ಆಕಾರಕ್ಕೆ ಕೈ ಬೇಗ ಹೋಯಿತು, ತಪ್ಪೂ ಕಡಿಮೆ. ಸ್ವಲ್ಪ ಹೊತ್ತಿನ ಪರಿಚಯದ ತ್ರಿಕೋನಕ್ಕೇ ಇಷ್ಟು ಮರ್ಯಾದೆ ಅಂದರೆ ಸ್ವಂತ ಫೋನಿಗೆ ಎಷ್ಟಿರಬೇಡ.

ಇನ್ನು ಹೆಸರಿನ ವಿಷಯ. ಗದ್ದಲದಲ್ಲಿ ಯಾರೋ ದೂರದಲ್ಲಿ ನಮ್ಮ ಹೆಸರು ಹೇಳಿದರೆ ಕಿವಿ ನೆಟ್ಟಗಾಗುತ್ತದೆ ಅಲ್ವಾ? 1959ರಲ್ಲಿ ನೆವಿಲ್ ಮೊರೆ ಇದನ್ನು ಪರೀಕ್ಷೆ ಮಾಡಿದರು. ಒಂದು ಕಿವಿಯ ಮಾತನ್ನು ಕೇಳಿ ಹಾಗೇ ತಿರುಗಿ ಹೇಳುತ್ತಿರಬೇಕು, ಇನ್ನೊಂದು ಕಿವಿಯನ್ನು ಮರೆತುಬಿಡಬೇಕು. ಆ ಮರೆತ ಕಿವಿಗೆ ಹೆಸರು ಹೇಳಿದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಕೇಳಿಸಿತು. ಎಲ್ಲರಿಗೂ ಅಲ್ಲ, ಗಮನಿಸಿ. 2001ರಲ್ಲಿ ಕಾನ್ವೇ ಮತ್ತು ಜೊತೆಯವರು ಯಾರಿಗೆ ಕೇಳಿಸುತ್ತದೆ ಅಂತ ನೋಡಿದರು. ತಲೆಯಲ್ಲಿ ಒಂದೇ ಹೊತ್ತಿಗೆ ಜಾಸ್ತಿ ವಿಷಯ ಹಿಡಿದಿಟ್ಟುಕೊಳ್ಳಬಲ್ಲವರಲ್ಲಿ ನೂರಕ್ಕೆ 20 ಜನ, ಅದು ಕಡಿಮೆ ಇರುವವರಲ್ಲಿ 65 ಜನ. ಅಂದರೆ ಬೇಡದ್ದನ್ನು ತಳ್ಳಿ ಗಮನವನ್ನು ಒಂದೇ ಕಡೆ ಗಟ್ಟಿಯಾಗಿ ಹಿಡಿಯಬಲ್ಲವರಿಗೇ ಹೆಸರು ಕೇಳಿಸುವುದು ಕಡಿಮೆ. ಆದ್ದರಿಂದ ಅಕ್ಕಾ, ಪುಟ್ಟ ಓದುವಾಗ ನೀನು ಮೂರು ಸಲ ಕರೆದರೂ ಓಗೊಡಲಿಲ್ಲ ಅಂದರೆ ಅದು ಪ್ರತಿ ಸಲವೂ ಉದ್ಧಟತನ ಅಲ್ಲ. ಮೊಬೈಲ್ ನೋಡುವಾಗ ಓಗೊಡದಿದ್ದರೆ ಅದರ ವಕಾಲತ್ತು ನಾನು ಮಾಡುವುದಿಲ್ಲ.

ಎರಡೂಕಾಲು ಮನೆ ಲೆಕ್ಕಕ್ಕೆ ಬರುತ್ತೇನೆ, ಜಗಳ ನಿಜವಾಗಿ ಅದರದ್ದೇ. ರಾಸ್ ಮತ್ತು ಸಿಕೊಲಿ ಅನ್ನುವವರು 1979ರಲ್ಲಿ 37 ಜೋಡಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿದರು, ಮನೆಯ ಇಂಥಿಂಥ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಕೆಲಸಗಳಲ್ಲಿ ನೂರು ದಾಟಿತು. ಬಡಾಯಿ ಅಂತ ನೀವು ಅನ್ನುತ್ತೀರಿ. ಆದರೆ ಕೆಟ್ಟ ಕೆಲಸಕ್ಕೂ ಹಾಗೇ ಆಯಿತು, ಜಗಳ ಎಬ್ಬಿಸುವುದರಲ್ಲೂ ತಮ್ಮ ಪಾಲು ಜಾಸ್ತಿ ಅಂದರು! ಬಡಾಯಿ ಕೊಚ್ಚುವವರು ಹಾಗೆ ಹೇಳುತ್ತಾರಾ? ಉದಾಹರಣೆ ಕೊಡಿ ಅಂದಾಗ ತಾವು ಮಾಡಿದ್ದೇ ಜಾಸ್ತಿ ನೆನಪಿಗೆ ಬಂತು. ನೆನಪಿಗೆ ಬಂದದ್ದನ್ನೇ ಎಣಿಸುತ್ತೇವೆ, ಬರದಿದ್ದನ್ನು ಯಾರು ಎಣಿಸುತ್ತಾರೆ?

ಭಾವ ಮಂಚ ಬಿಚ್ಚಿದರು. ನಟ್ಟು ಒಂದು ಕೈ ಜಾರಿ ಬಿತ್ತು, ಮಂಡಿಯೂರಿ ಹುಡುಕಿದರು, ಬೆನ್ನು ಹಿಡಿಯಿತು. ಅವರ ತಲೆಯಲ್ಲಿ ಮಂಚ ಅಂದರೆ ಒಂದು ಗಂಟೆಯ ಸಿನಿಮಾ. ಅಕ್ಕನ ತಲೆಯಲ್ಲಿ ಅದು "ಮಂಚ ಬಿಚ್ಚಿದರು" ಅಂತ ಒಂದೇ ಸಾಲು. ಅಕ್ಕ ಗಾಜಿನ ಸಾಮಾನನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತುತ್ತಾ ರಾತ್ರಿ ಎರಡು ಗಂಟೆಯವರೆಗೆ ಕೂತಿದ್ದಳು, ಭಾವನಿಗೆ ಅದು ಬೆಳಿಗ್ಗೆ ಎದ್ದಾಗ ಕಂಡ ಎರಡು ಡಬ್ಬ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದೀರಿ, ಆದರೆ ಕೂಡಿಸಲು ಬರದ ಸತ್ಯ. ಇದರಲ್ಲಿ ನನ್ನದೂ ಇದೆ. ಆ ದಿನ ನಾನು ಬಹಳ ಕೆಲಸ ಮಾಡಿದೆ ಅಂತ ನನಗೂ ಗಟ್ಟಿಯಾಗಿ ಅನಿಸಿತ್ತು. ಆಮೇಲೆ ಫೋಟೋ ನೋಡಿದೆ, ಎಲ್ಲದರಲ್ಲೂ ನಾನು ಕುರ್ಚಿಯ ಮೇಲೆ ಕೂತಿದ್ದೇನೆ.

ಆದರೆ ಅಕ್ಕಾ, "ಎಲ್ಲರ ತಲೆಯೂ ಹೀಗೇ" ಅಂತ ಹೇಳಿ ಗಂಡಸರನ್ನು ಪೂರ್ತಿ ಬಿಟ್ಟುಬಿಡುವ ಮನಸ್ಸೂ ನನಗಿಲ್ಲ. ಯಾವುದನ್ನು "ನನ್ನದು" ಅಂದುಕೊಳ್ಳಬೇಕು ಅನ್ನುವುದು ಆಕಾಶದಿಂದ ಬೀಳುವುದಿಲ್ಲ. ಅಮ್ಮನ ಮಾತ್ರೆ ಯಾವಾಗ ಮುಗಿಯುತ್ತದೆ ಅಂತ ಇಷ್ಟು ವರ್ಷ ನಿನಗೊಬ್ಬಳಿಗೇ ನೆನಪಿರುವುದು ನಿನ್ನ ಜ್ಞಾಪಕಶಕ್ತಿ ದೊಡ್ಡದು ಅಂತಲ್ಲ, ಆ ಕೆಲಸ ನಿನ್ನ ಬುಟ್ಟಿಯಲ್ಲಿ ಬಿದ್ದಿದೆ ಅಂತ. ಉಳಿದವರು "ನೆನಪಿಸಿದರೆ ತರುತ್ತೇನೆ" ಅನ್ನುತ್ತಾರೆ. ನೆನಪಿಸುವುದೇ ದೊಡ್ಡ ಕೆಲಸ, ಅದನ್ನು ನಿನಗೇ ಬಿಟ್ಟು ತರುವುದನ್ನು ತಾವು ಇಟ್ಟುಕೊಳ್ಳುತ್ತಾರೆ. ಭಾವ, ಬೇಜಾರು ಮಾಡಿಕೊಳ್ಳಬೇಡಿ, ತಮ್ಮನಿಗೂ ಸೇರಿಸಿಯೇ ಹೇಳಿದೆ.

"ನನ್ನದು" ಅನ್ನುವ ಗೆರೆ ಎಲ್ಲರಿಗೂ ಒಂದೇ ಕಡೆ ಇರುವುದೂ ಇಲ್ಲ. 2007ರಲ್ಲಿ ಚೀನಾದ ಸಂಶೋಧಕರು ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ತನ್ನ ಬಗ್ಗೆ ಯೋಚಿಸುವಾಗ ಹಣೆಯ ಹಿಂದೆ ನಡುಮಧ್ಯದಲ್ಲಿ ಒಂದು ಜಾಗ ಚುರುಕಾಗುತ್ತದೆ. ಪಾಶ್ಚಾತ್ಯರಲ್ಲಿ ಅದು ತಮ್ಮ ಬಗ್ಗೆ ಯೋಚಿಸುವಾಗ ಮಾತ್ರ ಹಾಗಾಯಿತು, ಚೀನೀಯರಲ್ಲಿ ಅಮ್ಮನ ಬಗ್ಗೆ ಯೋಚಿಸುವಾಗಲೂ ಆಯಿತು. ನಮ್ಮಲ್ಲಿ ಒಡಹುಟ್ಟಿದವರು ಇಲ್ಲದವರೂ "ನಮ್ಮಮ್ಮ" ಅಂತಲೇ ಅನ್ನುತ್ತಾರೆ ಅಲ್ವಾ, ನನಗೆ ತಕ್ಷಣ ಅದೇ ಹೊಳೆಯಿತು. ನಮ್ಮ ಮೆದುಳನ್ನು ಅವರು ಸ್ಕ್ಯಾನ್ ಮಾಡಿಲ್ಲ, ಅದಕ್ಕೆ ಅದನ್ನು ಜಾಸ್ತಿ ಎಳೆಯುವುದಿಲ್ಲ.

ಇದರ ತಮಾಷೆ ಮುಖವೂ ಒಂದಿದೆ. ತಮ್ಮ ಆ ಕಾಲು ಮುರಿದ ಟೇಬಲ್ ಬಿಸಾಡಲು ಬಿಡಲಿಲ್ಲವಲ್ಲ, "ಎಷ್ಟು ಗಟ್ಟಿ ಮರ ಗೊತ್ತಾ" ಅಂತ ಅರ್ಧ ಗಂಟೆ ವಾದ ಮಾಡಿದ. 1990ರಲ್ಲಿ ಕಾನೆಮನ್, ನೆಟ್ಷ್, ಥೇಲರ್ ಕೆಲವರಿಗೆ ಪುಕ್ಕಟೆಯಾಗಿ ಒಂದು ಮಗ್ಗು ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು, ಇಲ್ಲದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು ಹೇಳಿದರು ಮಾರುವವರು. ಕೈಗೆ ಬಂದು ಇನ್ನೂ ಒಂದು ದಿನ ಆಗಿಲ್ಲ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಮ್ಮವರು ಯಾವಾಗಲೋ ಹೇಳಿಯಾಗಿದೆ. ತಮ್ಮಾ, ಆ ಟೇಬಲ್ ನಿನ್ನ ರೂಮಿನಲ್ಲೇ ಇರಲಿ, ಹಾಲಿಗೆ ಬೇಡ.

ಸರಿ, ಈಗ ಏನು ಮಾಡೋಣ? "ಎಲ್ಲರೂ ಸ್ವಲ್ಪ ಗಮನ ಕೊಡಿ" ಅಂತ ಗ್ರೂಪಿನಲ್ಲಿ ಹಾಕುವುದನ್ನು ನಿಲ್ಲಿಸು ಅಕ್ಕಾ. ಎಲ್ಲರೂ ಅಂದ ಕೂಡಲೇ ಅದು ಮತ್ತೆ "ಇತರೆ" ಡಬ್ಬಕ್ಕೇ ಹೋಗುತ್ತದೆ. ಒಂದೊಂದು ವಸ್ತುವನ್ನು ಒಬ್ಬೊಬ್ಬರಿಗೆ ಕೊಟ್ಟುಬಿಡು, ನೋಡಿಕೋ ಅಂತಲ್ಲ, ಇದು ನಿನ್ನದು ಅಂತ. ಬ್ರಿಟನ್ನಿನಲ್ಲಿ 2015ರಲ್ಲಿ ಏಳರಿಂದ ಒಂಬತ್ತು ವರ್ಷದ ಮಕ್ಕಳ ಮೇಲೆ ಇಂಥದೇ ಒಂದು ಪ್ರಯೋಗ ನಡೆಯಿತು. ಹೊಸ ಪದ ಹಾಕಿ ವಾಕ್ಯ ಬರೆಯಬೇಕು. "ನಾನು" ಅಂತ ಶುರು ಮಾಡಿ ಬರೆದ ಮಕ್ಕಳು ಬೇರೆ ಯಾರದೋ ಬಗ್ಗೆ ಬರೆದವರಿಗಿಂತ ಉದ್ದುದ್ದ ಬರೆದರು, ಆಮೇಲೆ ಆ ಪದಗಳ ಸ್ಪೆಲ್ಲಿಂಗೂ ಅವರಿಗೇ ಚೆನ್ನಾಗಿ ಬಂತು. ಪುಟ್ಟನಿಗೂ ಅದೇ ವಯಸ್ಸು.

ಅದಕ್ಕೆ ಬಿಪಿ ಮಷೀನು ಇವತ್ತಿನಿಂದ ಪುಟ್ಟನದು. ಡಬ್ಬಿಯ ಮೇಲೆ ಅವನೇ ಹೆಸರು ಬರೆಯಲಿ, ನಕ್ಷತ್ರವೂ ಹಾಕಲಿ. ಬೆಳಿಗ್ಗೆ ಅಜ್ಜಿಯ ತೋಳಿಗೆ ಪಟ್ಟಿ ಸುತ್ತುವುದು ದೊಡ್ಡವರು ಯಾರಾದರೂ, ಆದರೆ ತಂದುಕೊಡುವುದು, ನಂಬರ್ ಓದಿ ನೋಟ್‌ಬುಕ್ಕಿನಲ್ಲಿ ಬರೆಯುವುದು, ವಾಪಸ್ ಇಡುವುದು ಅವನು. ಮಾತ್ರೆಯ ಲೆಕ್ಕ ಭಾವನದು, ನೀನು ಒಂದು ಸಲವೂ ನೆನಪಿಸಬಾರದು. ಕೈ ಕಚ್ಚಿಕೊಂಡಾದರೂ ಸುಮ್ಮನಿರು, ಮುಗಿಯುವುದಕ್ಕೆ ಇನ್ನೂ ಹತ್ತು ದಿನ ಇದೆ, ಅಲ್ಲಿಯವರೆಗೆ ಭಯ ಇಲ್ಲ.

ಅಯ್ಯೋ, ಮಗು ಎದ್ದಿತು. ಒಂದು ಮಾತು ಮರೆತೆ, ಮಷೀನಿಗೆ ನಾಲ್ಕು ಸಣ್ಣ ಸೆಲ್ ಬೇಕು, ಹಳೆಯದು ಸೋರಿದೆ ಅಂತ ಅಮ್ಮ ಹೇಳುತ್ತಿದ್ದರು. ಹೊಸದು ಒಂದು ಪ್ಯಾಕೆಟ್ ಇತ್ತು, ನಾನೇ ಯಾವುದೋ ಡಬ್ಬಕ್ಕೆ ಹಾಕಿದ ಹಾಗಿದೆ. ನನ್ನದರಲ್ಲಂತೂ ಇಲ್ಲ, ಅದು ಗ್ಯಾರಂಟಿ.