ವ್ಯಾಲರಂಟ್‌ಗೆ ವಿಂಡೋಸ್, ಕೆಲಸಕ್ಕೆ ಉಬುಂಟು: ಈ ಪಾರ್ಟ್ಸ್ ಪಟ್ಟಿ ಸರಿಯಿದೆಯೇ?

ತುಂಗಾತೀರ

ಹೊಸ ಪಿಸಿ ಅಸೆಂಬಲ್ ಮಾಡಬೇಕು. ಮಾನಿಟರ್ ಬಿಟ್ಟು ಒಂದೂವರೆ ಲಕ್ಷದೊಳಗೆ ಮುಗಿಯಬೇಕು. ಕೆಲಸವೆಲ್ಲ ಉಬುಂಟು ಲಿನಕ್ಸ್‌ನಲ್ಲಿ: ಆಂಡ್ರಾಯ್ಡ್ ಸ್ಟುಡಿಯೋ, ಎರಡು ಎಮ್ಯುಲೇಟರ್, ಜೊತೆಗೆ ಡಾಕರ್‌ನಲ್ಲಿ ಐದಾರು ಕಂಟೇನರ್. ಸಂಜೆ ವಿಂಡೋಸ್ 11ರಲ್ಲಿ ವ್ಯಾಲರಂಟ್, ಸೈಬರ್‌ಪಂಕ್ 2077. ಮಾನಿಟರ್ 1440ಪಿ, 144 ಹರ್ಟ್ಸ್.

ಅಂಗಡಿಯವರು ಕೊಟ್ಟ ಪಟ್ಟಿ: ರೈಜನ್ 7 7800ಎಕ್ಸ್3ಡಿ, ಬಿ650 ಬೋರ್ಡ್, 8 ಜಿಬಿಯ ನಾಲ್ಕು ಡಿಡಿಆರ್5 ಸ್ಟಿಕ್, ಆರ್‌ಟಿಎಕ್ಸ್ 5060 8 ಜಿಬಿ, 2 ಟಿಬಿಯ ಒಂದೇ ಎನ್‌ವಿಎಂಇ ಎಸ್‌ಎಸ್‌ಡಿ, 850 ವ್ಯಾಟ್ ಪವರ್ ಸಪ್ಲೈ. ಎಸ್‌ಎಸ್‌ಡಿಯನ್ನು ಎರಡು ಪಾರ್ಟಿಷನ್ ಮಾಡಿಕೊಂಡರೆ ಸಾಕಲ್ಲವೇ? ನಮ್ಮಲ್ಲಿ ದಿನಕ್ಕೆ ಎರಡು ಸಲವಾದರೂ ಕರೆಂಟ್ ಹೋಗುತ್ತದೆ, ಯುಪಿಎಸ್ ಎಷ್ಟರದು ಬೇಕು?

ಬಯಲುಸೀಮೆ

ಪ್ರೊಸೆಸರ್‌ಗೆ ದುಡ್ಡು ಸುರಿದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಕೈ ಬಿಗಿ ಹಿಡಿದಿದ್ದಾರೆ. 7800ಎಕ್ಸ್3ಡಿ ಒಳ್ಳೆಯ ಚಿಪ್, ಆದರೆ ಅದರ 96 ಎಂಬಿ ಕ್ಯಾಶ್ ಉಪಯೋಗಕ್ಕೆ ಬರುವುದು ಹೆಚ್ಚಾಗಿ ಗೇಮ್‌ಗಳಲ್ಲಿ. ಗ್ರೇಡಲ್ ಬಿಲ್ಡ್‌ಗೆ (ಆಂಡ್ರಾಯ್ಡ್ ಆ್ಯಪ್‌ನ ಕೋಡ್ ಕಟ್ಟುವ ಕೆಲಸಕ್ಕೆ) ಬೇಕಾದದ್ದು ಕೋರ್ ಮತ್ತು ಕ್ಲಾಕ್. ರೈಜನ್ 7 7700ರಲ್ಲೂ ಅವೇ 8 ಕೋರ್, 16 ಥ್ರೆಡ್. ಬೂಸ್ಟ್ 5.3 ಗಿಗಾಹರ್ಟ್ಸ್, 7800ಎಕ್ಸ್3ಡಿಯದು 5.0. ಬಾಕ್ಸ್‌ನಲ್ಲೇ ಕೂಲರ್ ಬರುತ್ತದೆ. ಉಳಿದ ದುಡ್ಡನ್ನು 16 ಜಿಬಿ ಕಾರ್ಡ್‌ಗೆ ಹಾಕಿ. 1440ಪಿಯಲ್ಲಿ ಸೈಬರ್‌ಪಂಕ್ ಟೆಕ್ಸ್‌ಚರ್ ಏರಿಸಿ ರೇ ಟ್ರೇಸಿಂಗ್ ಹಾಕಿದರೆ 8 ಜಿಬಿ ಸಾಲದು. ಆಗ ಸರಾಸರಿ ಫ್ರೇಮ್ ಚೆನ್ನಾಗಿಯೇ ಕಂಡರೂ ನಡುನಡುವೆ ಆಟ ತಡವರಿಸುತ್ತದೆ.

ನಾಲ್ಕು ಸ್ಟಿಕ್ ಖಂಡಿತ ಬೇಡ. ಈ ಪ್ರೊಸೆಸರ್‌ಗಳಿಗೆ ಎಎಂ5 ಸಾಕೆಟ್‌ನಲ್ಲಿ ಎರಡು ಸ್ಟಿಕ್‌ಗೆ ಅಧಿಕೃತ ವೇಗ 5200, ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತದೆ. ಎಕ್ಸ್‌ಪೋ (ರ‍್ಯಾಮ್ ಅನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್) ಆನ್ ಮಾಡಿದರೆ ಬೂಟ್ ಆಗದೆಯೂ ಇರಬಹುದು. ಒಂದೇ ಕಿಟ್‌ನ ಎರಡು 16 ಜಿಬಿ, 6000 ಸಿಎಲ್30 ತೆಗೆದುಕೊಂಡು ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ ನಿಜ, ಹಾಗಂತ ಈಗ ಒಂದು, ಆಮೇಲೆ ಒಂದು ಎಂದು ಬಿಡಿಬಿಡಿಯಾಗಿ ಕೊಳ್ಳಬೇಡಿ.

ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಅದು ಮೆಮೊರಿ ಟ್ರೈನಿಂಗ್, ಬೋರ್ಡ್ ರ‍್ಯಾಮ್ ಜೊತೆ ಹೊಂದಿಸಿಕೊಳ್ಳುವ ಸಮಯ. ಕೆಟ್ಟಿದೆ ಎಂದುಕೊಂಡು ಸ್ವಿಚ್ ಆಫ್ ಮಾಡಬೇಡಿ.

ಕೊಡಚಾದ್ರಿ

ಇಲ್ಲಿ ಕಾರ್ಡ್ ಯಾವುದೆಂದು ತೀರ್ಮಾನಿಸುವುದು ವ್ಯಾಲರಂಟ್. ಅದರ ವ್ಯಾನ್‌ಗಾರ್ಡ್ (ಮೋಸದಾಟ ತಡೆಯುವ ತಂತ್ರಾಂಶ) ವಿಂಡೋಸ್ 11ರಲ್ಲಿ ಟಿಪಿಎಂ 2.0 (ಕೀಲಿಗಳನ್ನು ಕಾಯುವ ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ. ಅಂದರೆ ಉಬುಂಟು ಕೂಡ ಸೆಕ್ಯೂರ್ ಬೂಟ್ ಆನ್ ಇರುವಾಗಲೇ ಓಡಬೇಕು. ಉಬುಂಟುವಿನ ಕರ್ನಲ್‌ಗೆ (ಓಎಸ್‌ನ ತಿರುಳಿಗೆ) ಸಹಿ ಇರುವುದರಿಂದ ಅದು ಬೂಟ್ ಆಗುತ್ತದೆ. ತಕರಾರು ಬರುವುದು ಹೊರಗಿನಿಂದ ಸೇರಿಸುವ ಮಾಡ್ಯೂಲ್‌ಗಳಿಂದ. ಎನ್‌ವಿಡಿಯಾ ಡ್ರೈವರ್ ನಿಮ್ಮ ಮಷೀನ್‌ನಲ್ಲೇ ಬಿಲ್ಡ್ ಆದರೆ ಅದಕ್ಕೆ ಸಹಿ ಹಾಕಿದ ಕೀಲಿಯನ್ನು ರೀಬೂಟ್ ಸಮಯದ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಒತ್ತಿ ನೋಂದಾಯಿಸಬೇಕು. ಆ ಪರದೆ ತಪ್ಪಿಹೋದರೆ ಡ್ರೈವರ್ ಲೋಡ್ ಆಗುವುದಿಲ್ಲ. ಎಎಂಡಿ ಡ್ರೈವರ್ ಕರ್ನಲ್ ಒಳಗೇ ಇದೆ, ಈ ರಗಳೆಯೇ ಇಲ್ಲ. ಹಾಗಾಗಿ ನಿಮಗೆ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಸರಿ. ಉಬುಂಟು 24.04.3 ಅಥವಾ ಅದಕ್ಕಿಂತ ಹೊಸ ಐಎಸ್‌ಒ ಇಳಿಸಿಕೊಳ್ಳಿ. 24.04ರ ಮೊದಲ ಐಎಸ್‌ಒದ 6.8 ಕರ್ನಲ್ ಈ ಕಾರ್ಡ್‌ಗೆ ಹಳೆಯದಾಯಿತು, 24.04.3ರಲ್ಲಿ 6.14 ಇದೆ.

ಎಸ್‌ಎಸ್‌ಡಿ ಎರಡು ಬೇಕು, 1 ಟಿಬಿಯವು. ಒಂದರಲ್ಲೇ ಎರಡನ್ನೂ ಇಟ್ಟರೆ 100 ಎಂಬಿಯ ಒಂದೇ ಇಎಫ್‌ಐ ಪಾರ್ಟಿಷನ್ (ಬೂಟ್‌ಲೋಡರ್ ಇರುವ ಜಾಗ) ಇಬ್ಬರಿಗೂ ಪಾಲು. ವಿಂಡೋಸ್ ಅನ್ನು ರೀಇನ್‌ಸ್ಟಾಲ್ ಮಾಡುವ ದಿನ ಉಬುಂಟುವಿನ ಬೂಟ್‌ಗೂ ಕುತ್ತು.

ಜೋಡಿಸುವ ಕ್ರಮ ಹೀಗಿರಲಿ. ಗ್ರಾಫಿಕ್ಸ್ ಕಾರ್ಡ್ ಈಗಲೇ ಹಾಕಬೇಡಿ. 7700ರ ಒಳಗೇ ಗ್ರಾಫಿಕ್ಸ್ ಇದೆ, ಬೋರ್ಡ್‌ನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿ. ಮೊದಲು ಬಯಾಸ್ ಅಪ್‌ಡೇಟ್, ಆಮೇಲೆ ಸಿಎಸ್‌ಎಂ (ಹಳೆಯ ಬಯಾಸ್ ಮಾದರಿಯ ಬೂಟ್) ಆಫ್, ಸೆಕ್ಯೂರ್ ಬೂಟ್ ಆನ್. ಅದು 'ಸೆಟಪ್ ಮೋಡ್' ಎಂದು ತೋರಿಸಿದರೆ ಫ್ಯಾಕ್ಟರಿ ಕೀಗಳನ್ನು ಇನ್‌ಸ್ಟಾಲ್ ಮಾಡಬೇಕು. ಎಮ್ಯುಲೇಟರ್‌ಗಾಗಿ ಎಸ್‌ವಿಎಂ (ಪ್ರೊಸೆಸರ್‌ನ ವರ್ಚುವಲೈಸೇಷನ್) ಕೂಡ ಆನ್ ಇರಲಿ. ಈಗ ಒಂದು ಎಸ್‌ಎಸ್‌ಡಿ ಮಾತ್ರ ಹಾಕಿ ವಿಂಡೋಸ್ ಇನ್‌ಸ್ಟಾಲ್ ಮಾಡಿ, ಅದನ್ನು ಬಿಚ್ಚಿ ಇನ್ನೊಂದರಲ್ಲಿ ಉಬುಂಟು. ಎರಡೂ ಮುಗಿದ ಮೇಲೆ ಒಟ್ಟಿಗೆ ಹಾಕಿ. ಹೀಗೆ ಮಾಡಿದರೆ ಒಂದರ ಬೂಟ್‌ಲೋಡರ್ ಇನ್ನೊಂದರ ಡಿಸ್ಕ್‌ಗೆ ಹೋಗಿ ಕೂರುವುದಿಲ್ಲ. ಕಾರ್ಡ್ ಮೊದಲೇ ಹಾಕಿದ್ದರೆ ಅದರ ಕೆಳಗಿನ ಎಂ.2 (ಎಸ್‌ಎಸ್‌ಡಿ ಕೂರುವ) ಸ್ಲಾಟ್‌ನ ಸ್ಕ್ರೂಗೆ ಕೈಯೇ ಹೋಗುವುದಿಲ್ಲ. ಹೀಟ್‌ಸಿಂಕ್ ಪ್ಯಾಡ್ ಮೇಲಿನ ತೆಳು ಪ್ಲಾಸ್ಟಿಕ್ ಸುಲಿಯುವುದನ್ನು ಮರೆಯಬೇಡಿ.

ತುಂಗಾತೀರ

ಧನ್ಯವಾದ ಸರ್, ಬಹಳ ಸ್ಪಷ್ಟವಾಯಿತು. ಎನ್‌ವಿಡಿಯಾ ಬಿಟ್ಟರೆ ಕಳೆದುಕೊಳ್ಳುವುದೇನು? ಎರಡೂ ಓಎಸ್‌ಗೆ ಗೇಮ್ ಫೋಲ್ಡರ್ ಒಂದೇ ಇಡಬಹುದೇ?

ಬಯಲುಸೀಮೆ

ಎನ್‌ವಿಡಿಯಾ ಬಿಟ್ಟರೆ ಹೋಗುವುದು CUDA, ಅದರ ಕಾರ್ಡ್‌ಗಳಲ್ಲಿ ಲೆಕ್ಕಾಚಾರ ಓಡಿಸುವ ತಂತ್ರಾಂಶ. ಪೈಟಾರ್ಚ್‌ನಲ್ಲಿ ಮಾಡೆಲ್ ತರಬೇತಿ, ಬ್ಲೆಂಡರ್ ರೆಂಡರಿಂಗ್ ನಿಮ್ಮ ದಿನದ ಕೆಲಸವಾಗಿದ್ದರೆ ಆರ್‌ಟಿಎಕ್ಸ್ 5060 ಟಿಐ 16 ಜಿಬಿ ತೆಗೆದುಕೊಂಡು ಕೀಲಿ ನೋಂದಾಯಿಸಿಕೊಳ್ಳಿ ಎನ್ನುತ್ತಿದ್ದೆ. ನಿಮ್ಮ ಪಟ್ಟಿಯಲ್ಲಿ ಅದ್ಯಾವುದೂ ಇಲ್ಲ. ಮಾನಿಟರ್‌ಗೆ ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿ. ಲಿನಕ್ಸ್‌ನ ಎಎಂಡಿ ಓಪನ್ ಡ್ರೈವರ್‌ಗೆ ಎಚ್‌ಡಿಎಂಐ 2.1 ಸೇರಿಸಲು 2024ರಲ್ಲಿ ಎಚ್‌ಡಿಎಂಐ ಫೋರಂ ಒಪ್ಪಿರಲಿಲ್ಲ.

ಗೇಮ್ ಫೋಲ್ಡರ್ ಹಂಚಿಕೊಳ್ಳಬೇಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಂ ಮೇಲೆ ಸ್ಟೀಮ್‌ನ ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ತಕರಾರು ಮಾಡುತ್ತದೆ. ಅದು ಮಾಡುವ ಕೆಲವು ಫೈಲ್ ಹೆಸರುಗಳಲ್ಲಿ ಕೋಲನ್ ಇರುತ್ತದೆ, ವಿಂಡೋಸ್‌ಗೆ ಅದು ಆಗುವುದಿಲ್ಲ. ಸೈಬರ್‌ಪಂಕ್ ಲಿನಕ್ಸ್‌ನಲ್ಲೂ ಬೇಕಿದ್ದರೆ ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಬೇರೆಯಾಗಿ ಹಾಕಿ. ಡಾಕ್ಯುಮೆಂಟ್, ಫೋಟೋಗಷ್ಟೇ ಎನ್‌ಟಿಎಫ್‌ಎಸ್ ಪಾರ್ಟಿಷನ್ ಸಾಕು. ಅದಕ್ಕೂ ಮುಂಚೆ ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ಉಬುಂಟುವಿನಲ್ಲಿ ಆ ಪಾರ್ಟಿಷನ್ ಓದಲು ಮಾತ್ರ ತೆರೆದುಕೊಳ್ಳುತ್ತದೆ.

ಕರಾವಳಿ_ಪಿಸಿ

ಕರೆಂಟಿನ ವಿಷಯ. 7700 ಎಳೆಯುವುದು ಹೆಚ್ಚೆಂದರೆ 88 ವ್ಯಾಟ್, 9060 ಎಕ್ಸ್‌ಟಿ ಸುಮಾರು 160ರಿಂದ 180. ಹಾಗಾಗಿ 850 ವ್ಯಾಟ್ ಅನಗತ್ಯ, ಒಳ್ಳೆಯ 650 ವ್ಯಾಟ್ ಗೋಲ್ಡ್ ಸಾಕು. ಯುಪಿಎಸ್ ಕೊಳ್ಳುವಾಗ ವಿಎ ನೋಡಬೇಡಿ, ವ್ಯಾಟ್ ನೋಡಿ. 600 ವಿಎಯದು ಸಾಮಾನ್ಯವಾಗಿ 360 ವ್ಯಾಟ್ ಅಷ್ಟೆ, ಮಾನಿಟರ್ ಸೇರಿದರೆ ಗೇಮ್ ನಡುವೆ ಓವರ್‌ಲೋಡ್ ಆಗಬಹುದು. 1000 ವಿಎ, 600 ವ್ಯಾಟ್‌ನದು ತೆಗೆದುಕೊಳ್ಳಿ. ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಪವರ್ ಸಪ್ಲೈಗಳಲ್ಲಿ ಕೆಲವು ಚೌಕ ಅಲೆಯ ಯುಪಿಎಸ್ ಜೊತೆ ಹೊಂದುವುದಿಲ್ಲ. ಕರೆಂಟ್ ಹೋದ ಕ್ಷಣಕ್ಕೇ ಪಿಸಿ ಆಫ್ ಆಗುತ್ತದೆ. ಕೈಗೆಟುಕಿದರೆ ಪ್ಯೂರ್ ಸೈನ್ ವೇವ್ ಒಳ್ಳೆಯದು. ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ ಕರೆಸಿ ನೋಡಿ. ಅದಿಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುತ್ತದೆ.

ಕೊಡಚಾದ್ರಿ

ಇನ್ನೆರಡು ಬಿಟ್ಟುಹೋಗಿತ್ತು. ಉಬುಂಟುವಿನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಉಬುಂಟು ಬೋರ್ಡ್‌ನ ಗಡಿಯಾರವನ್ನು ಯುಟಿಸಿಯಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಉಬುಂಟು ಟರ್ಮಿನಲ್‌ನಲ್ಲಿ 'timedatectl set-local-rtc 1' ಕೊಟ್ಟರೆ ಸರಿಹೋಗುತ್ತದೆ.

ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ವಿಂಡೋಸ್ 11 ತಾನಾಗಿಯೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿರಬಹುದು. ಅದರ 48 ಅಂಕಿಯ ರಿಕವರಿ ಕೀಯನ್ನು ಇವತ್ತೇ ಕಾಗದದಲ್ಲಿ ಬರೆದಿಡಿ. ಮುಂದೆ ಬಯಾಸ್ ಅಪ್‌ಡೇಟ್ ಮಾಡಿದ ದಿನ ವಿಂಡೋಸ್ ಆ ಕೀಯನ್ನೇ ಕೇಳಬಹುದು.