ದಾಳಿಯ ಚಿತ್ರ ನಿಜವಾದ ಕದನದ್ದೇ, ಅಭಿನಯಿಸಿದ್ದೇ? ಗುರುತಿಸುವುದು ಹೇಗೆ?

ಪ್ರಶ್ನೆ:
ನನ್ನ ಸಂಗ್ರಹದಲ್ಲಿ ಮೊದಲನೇ ಮಹಾಯುದ್ಧದ ಕಾಲದ ಒಂದು ಚಿತ್ರವಿದೆ. ಕಂದಕದಿಂದ ಮೇಲೇರಿ ಕ್ಯಾಮೆರಾದತ್ತ ನುಗ್ಗುತ್ತಿರುವ ಸೈನಿಕರ ಮುಖಗಳು ಸ್ಪಷ್ಟವಾಗಿವೆ, ಹಿಂದೆ ದಟ್ಟ ಹೊಗೆಯಿದೆ. ಅಡಿಯಲ್ಲಿ ‘ದಾಳಿಯ ಕ್ಷಣ, 1916’ ಎಂದು ಅಚ್ಚಾಗಿದೆ. 600 ಡಿಪಿಐನಲ್ಲಿ (ಒಂದು ಅಂಗುಲಕ್ಕೆ 600 ಚುಕ್ಕೆಗಳ ಸೂಕ್ಷ್ಮತೆಯಲ್ಲಿ) ಸ್ಕ್ಯಾನ್ ಮಾಡಿ ನೋಡಿದರೂ ತೀರ್ಮಾನಕ್ಕೆ ಬರಲಾಗುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲು ಕ್ಯಾಮೆರಾ ಎಲ್ಲಿತ್ತೆಂದು ಯೋಚಿಸಿ. ನುಗ್ಗುವವರ ಮುಖ ಕಾಣಬೇಕಾದರೆ ಛಾಯಾಗ್ರಾಹಕ ಅವರಿಗಿಂತ ಮುಂದೆ, ಶತ್ರುವಿಗೆ ಬೆನ್ನು ಕೊಟ್ಟು ಬಯಲಿನಲ್ಲಿ ನಿಂತಿರಬೇಕು. ಗುಂಡು ಹಾರುತ್ತಿರುವಾಗ ಅದು ನಂಬುವ ಮಾತಲ್ಲ.

ಅನಂತರ ಸಲಕರಣೆಗಳನ್ನು ಗಮನಿಸಿ. ಕೆನಡಾ ಸೇನೆಯ ಅಧಿಕೃತ ಛಾಯಾಗ್ರಾಹಕ ಐವರ್ ಕ್ಯಾಸಲ್ 1916ರಲ್ಲಿ ತೆಗೆದ ಪ್ರಸಿದ್ಧ ದಾಳಿಯ ಚಿತ್ರಗಳು ವಾಸ್ತವವಾಗಿ ರಣರಂಗದ ಹಿಂದಿದ್ದ ತರಬೇತಿ ಶಾಲೆಯವು. ಕೆಸರು ತಾಗದಂತೆ ರೈಫಲ್‌ಗಳಿಗೆ ಕಟ್ಟಿದ್ದ ಕ್ಯಾನ್ವಾಸ್ ಹೊದಿಕೆಯನ್ನು ಸೈನಿಕರು ಬಿಚ್ಚಿರಲೇ ಇಲ್ಲ. ಪ್ರಕಟಿಸುವಾಗ ಅದನ್ನು ತಿದ್ದಿ ಮರೆಮಾಡಲಾಯಿತು. ಕದನಕ್ಕೆ ಹೊರಟವನು ಆ ಹೊದಿಕೆಯನ್ನು ಬಿಚ್ಚದೆ ಕಂದಕ ದಾಟುವುದಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ತೆರೆಕಂಡ, ಫ್ರಾನ್ಸಿನ ಸೋಮ್ ಕದನದ ಚಲನಚಿತ್ರದಲ್ಲಿಯೂ ಕಂದಕದಿಂದ ಮೇಲೇರುವ ದೃಶ್ಯ ಅಭಿನಯಿಸಿದ್ದೇ. ಅಲ್ಲಿ ‘ಸತ್ತು’ ಬಿದ್ದವನೊಬ್ಬ ಮಲಗಿದಲ್ಲೇ ಕಾಲ ಮೇಲೆ ಕಾಲು ಹಾಕಿಕೊಳ್ಳುವುದು ಕಾಣುತ್ತದೆ.

ಹೊಗೆಯ ಅಂಚನ್ನೂ ಪರೀಕ್ಷಿಸಿ. ಆಸ್ಟ್ರೇಲಿಯಾದ ಯುದ್ಧ ಛಾಯಾಗ್ರಾಹಕ ಫ್ರಾಂಕ್ ಹರ್ಲಿ ಹಲವು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ದಾಳಿಯ ಚಿತ್ರ ಮಾಡುತ್ತಿದ್ದರು. ಬೆಳಕಿನ ದಿಕ್ಕು ಒಂದೊಂದು ಕಡೆ ಒಂದೊಂದು ರೀತಿಯಿದ್ದರೆ ಜೋಡಣೆಯೆಂದು ಶಂಕಿಸಬಹುದು.

ಉತ್ತರ 2:
ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಅಭಿನಯವೆಂದು ತಿಳಿದೊಡನೆ ಚಿತ್ರವನ್ನು ಬದಿಗಿಡಬೇಡಿ. ಸಮವಸ್ತ್ರ, ಆಯುಧ, ಮುಖಗಳಲ್ಲಿನ ದಣಿವು ಎಲ್ಲವೂ ಆ ಕಾಲದವೇ, ಸುಳ್ಳಾಗುವುದು ಅಡಿಬರಹ. 1863ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಗೆಟಿಸ್‌ಬರ್ಗ್ ರಣರಂಗದಲ್ಲಿ ಛಾಯಾಗ್ರಾಹಕ ಅಲೆಕ್ಸಾಂಡರ್ ಗಾರ್ಡ್ನರ್ ತಂಡ ಸೈನಿಕನೊಬ್ಬನ ಶವವನ್ನು ಬೇರೆಡೆಗೆ ಸಾಗಿಸಿ, ಬಂಡೆಗಳ ನಡುವೆ ಮಲಗಿಸಿ, ಪಕ್ಕದಲ್ಲಿ ರೈಫಲ್ ಒರಗಿಸಿ ಚಿತ್ರ ತೆಗೆಯಿತು. ಅಲ್ಲಿ ಸಾವು ನಿಜ, ಕಥೆ ಕಟ್ಟಿದ್ದು. ಆ ಸೈನಿಕನಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ, ಏಕೆಂದರೆ ಅವನು ಸತ್ತ ಜಾಗವನ್ನೇ ಅವನಿಂದ ಕಿತ್ತುಕೊಂಡಂತಾಯಿತು.

ನಿಜವಾದ ದಾಳಿಯ ಚಿತ್ರಗಳು ಸಾಮಾನ್ಯವಾಗಿ ನಿರಾಸೆ ಹುಟ್ಟಿಸುತ್ತವೆ: ದೂರದ ಚುಕ್ಕೆಗಳಂಥ ಮನುಷ್ಯರು, ಬರಿದಾದ ನೆಲ, ಅಲುಗಾಡಿದ ಚೌಕಟ್ಟು. ತಮ್ಮ ಚಿತ್ರ ಅಷ್ಟು ಅಚ್ಚುಕಟ್ಟಾಗಿರುವುದೇ ಶಂಕೆಗೆ ಮೊದಲ ಕಾರಣ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. 2400 ಡಿಪಿಐನಲ್ಲಿ ಮತ್ತೆ ಸ್ಕ್ಯಾನ್ ಮಾಡಿದಾಗ ಎಡಗಡೆಯ ಸೈನಿಕನ ರೈಫಲ್ ಮೇಲೆ ಹೊದಿಕೆಯ ಗುಂಡಿಗಳು ಕಾಣಿಸಿದವು. ಯಾರ ಬೆನ್ನಿನಲ್ಲೂ ಚೀಲವಿಲ್ಲ. ನನ್ನ ಸಂಗ್ರಹದ ಪಟ್ಟಿಯಲ್ಲಿ ‘ದಾಳಿ’ ಎಂಬುದನ್ನು ತೆಗೆದು ‘ತರಬೇತಿಯ ವೇಳೆ ತೆಗೆದಿರುವ ಸಾಧ್ಯತೆ’ ಎಂದು ಬರೆದು, ಮೂಲ ಅಡಿಬರಹವನ್ನು ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಂಡಿದ್ದೇನೆ.