ಚಂಡಮಾರುತಕ್ಕೆ ವಾಲಿದ ಹಳೆಯ ಪೈನ್ ಮರಗಳನ್ನು ಅಳೆಯುವುದು ಹೇಗೆ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ, ಚಾರ್ಲ್ಸ್‌ಟನ್ ನಗರದ ಉತ್ತರಕ್ಕಿರುವ ಫ್ರಾನ್ಸಿಸ್ ಮೇರಿಯನ್ ರಾಷ್ಟ್ರೀಯ ಅರಣ್ಯದ ಹಳೆಯ ಲಾಂಗ್‌ಲೀಫ್ ಪೈನ್ ಮರಗಳನ್ನು ಅಳೆದು ದಾಖಲಿಸುವ ಕೆಲಸಕ್ಕೆ ನಾನೂ ಸೇರಿಕೊಂಡಿದ್ದೇನೆ. 1989ರ ಸೆಪ್ಟೆಂಬರ್‌ನಲ್ಲಿ ಹ್ಯೂಗೊ ಚಂಡಮಾರುತ ಈ ಕರಾವಳಿ ಕಾಡನ್ನು ಹಾದುಹೋದಾಗ ಅಸಂಖ್ಯ ದೊಡ್ಡ ಮರಗಳು ಉರುಳಿದವು. ಉಳಿದವುಗಳಲ್ಲಿ ಕೆಲವು ವಾಲಿವೆ, ಕೆಲವಕ್ಕೆ ತುದಿಯೇ ಇಲ್ಲ. ಬುಡದಿಂದ 30 ಮೀಟರ್ ದೂರ ನಿಂತು, ತುದಿಯ ಕೋನ ನೋಡಿ, ಟ್ಯಾಂಜೆಂಟ್ ಲೆಕ್ಕ ಹಾಕಿದರೆ ಒಂದೇ ಮರಕ್ಕೆ ಎರಡು ಬದಿಯಿಂದ ಎರಡು ಎತ್ತರ ಬರುತ್ತದೆ. ಯಾವುದನ್ನು ಬರೆದುಕೊಳ್ಳಬೇಕು? ವಾಲಿದ ಮರದ ಸುತ್ತಳತೆಯನ್ನು ಎಲ್ಲಿ ತೆಗೆಯಬೇಕು?

ಉತ್ತರ 1
ಎರಡನ್ನೂ ಬರೆದುಕೊಳ್ಳಬೇಡಿ. ತುದಿಯು ಬುಡದ ನೇರ ಮೇಲೆಯೇ ಇದೆ ಎಂದು ನಂಬಿಕೊಂಡು ಟ್ಯಾಂಜೆಂಟ್ ಲೆಕ್ಕ ನಡೆಯುತ್ತದೆ. ವಾಲಿದ ಮರದಲ್ಲಿ ಆ ನಂಬಿಕೆಯೇ ಸುಳ್ಳಾಗುತ್ತದೆ. ಮರವು ನಿಮ್ಮ ಕಡೆಗೆ ನಾಲ್ಕು ಮೀಟರ್ ಬಾಗಿದ್ದು, ತುದಿ 44 ಡಿಗ್ರಿ ಕೋನದಲ್ಲಿ ಕಂಡರೆ, ನಿಮ್ಮ ಲೆಕ್ಕ ಕಣ್ಣಿನ ಮಟ್ಟದಿಂದ ಮೇಲಕ್ಕೆ ಸುಮಾರು 29 ಮೀಟರ್ ಎನ್ನುತ್ತದೆ. ಲೇಸರ್ ದೂರಮಾಪಕವನ್ನು ತುದಿಗೇ ಗುರಿಯಿಟ್ಟರೆ 36 ಮೀಟರ್ ಓರೆ ದೂರ ಸಿಗುತ್ತದೆ. ಅದನ್ನು 44 ಡಿಗ್ರಿಯ ಸೈನ್‌ನಿಂದ ಗುಣಿಸಿದರೆ ನಿಜವಾದ 25 ಮೀಟರ್ ಬರುತ್ತದೆ. ಬುಡಕ್ಕೂ ಹೀಗೆಯೇ ಅಳೆದು, ಬುಡ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಎರಡನ್ನೂ ಕೂಡಿಸಿ. ದೊಡ್ಡ ಮರಗಳನ್ನು ಅಳೆದು ದಾಖಲಿಸುವ ನೇಟಿವ್ ಟ್ರೀ ಸೊಸೈಟಿ ಎಂಬ ಗುಂಪಿನವರು ಈ ಸೈನ್ ವಿಧಾನವನ್ನೇ ಪಟ್ಟುಹಿಡಿದು ಬಳಸುತ್ತಾರೆ, ಅದು ಸರಿಯೆಂದೇ ನನ್ನ ಅಭಿಪ್ರಾಯ. ವಯಸ್ಸಾದ ಲಾಂಗ್‌ಲೀಫ್‌ನ ನೆತ್ತಿ ಚಪ್ಪಟೆಯಾಗುವುದರಿಂದ ಅತಿ ಎತ್ತರದ ರೆಂಬೆ ಯಾವುದೆಂದು ಒಂದೇ ಜಾಗದಿಂದ ತಿಳಿಯುವುದಿಲ್ಲ. ಸುತ್ತ ನಡೆದು ಹಲವು ರೆಂಬೆಗಳಿಗೆ ಗುರಿಯಿಟ್ಟು ನೋಡಿ.

ಸುತ್ತಳತೆಗೆ ಅಲ್ಲಿಯ ರೂಢಿ ನೆಲದಿಂದ 4.5 ಅಡಿ, ಅಂದರೆ 1.37 ಮೀಟರ್, ನಮ್ಮ ಅರಣ್ಯ ಇಲಾಖೆಗಳ ಎದೆಮಟ್ಟವೂ ಅದೇ. ವಾಲಿದ ಮರದಲ್ಲಿ ಈ ಅಂತರವನ್ನು ಬಾಗಿದ ಬದಿಯಲ್ಲಿ ಕಾಂಡದ ಗುಂಟ ಅಳೆದು, ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯದೆ ಕಾಂಡಕ್ಕೆ ಅಡ್ಡಲಾಗಿ ಸುತ್ತಬೇಕು.

ಉತ್ತರ 2
ತುದಿ ಮುರಿದ ಮರಕ್ಕೆ ಮೊದಲಿದ್ದ ಎತ್ತರವನ್ನು ಊಹಿಸಿ ತುಂಬಬೇಡಿ. ಈಗಿರುವ ಎತ್ತರವನ್ನಷ್ಟೇ ಬರೆದು, ಪಕ್ಕದಲ್ಲಿ ‘ತುದಿ ಮುರಿದಿದೆ’ ಎಂದು ನಮೂದಿಸಿ. ಇನ್ನೊಂದು ಕಳಕಳಿಯ ಮಾತು: ವಯಸ್ಸು ತಿಳಿಯಲೆಂದು ಅನುಮತಿಯಿಲ್ಲದೆ ಕಾಂಡಕ್ಕೆ ಕೊರೆಯುವ ಉಪಕರಣ ಹಾಕಬೇಡಿ. ರೆಡ್-ಕಾಕೇಡೆಡ್ ಮರಕುಟಿಗ ಜೀವಂತ ಹಳೆಯ ಪೈನ್‌ಗಳಲ್ಲೇ ಪೊಟರೆ ಕೊರೆಯುತ್ತದೆ, ಅದರಲ್ಲೂ ಕಾಂಡದ ನಡುವಿನ ಚೇಗು ಶಿಲೀಂಧ್ರ ತಗುಲಿ ಮೆತ್ತಗಾದ ಮರಗಳನ್ನು ಹೆಚ್ಚು ಆರಿಸಿಕೊಳ್ಳುತ್ತದೆ. ಹ್ಯೂಗೊ ಈ ಕಾಡಿನ ಪೊಟರೆ ಮರಗಳಲ್ಲಿ ಬಹುಪಾಲನ್ನು ಕೆಡವಿದ ಮೇಲೆ, ಅರಣ್ಯ ಸಿಬ್ಬಂದಿ ಉಳಿದ ಮರಗಳಲ್ಲಿ ಕೃತಕ ಪೊಟರೆಗಳನ್ನು ಅಳವಡಿಸಿ ಹಕ್ಕಿಗಳನ್ನು ಉಳಿಸಿಕೊಳ್ಳಬೇಕಾಯಿತು. ಕಾಂಡದ ಮೇಲೆ ಬಿಳಿಯಾಗಿ ಇಳಿದ ರಾಳ ಕಂಡರೆ ಅದು ಹಕ್ಕಿಯ ಮನೆಯಿರಬಹುದು. ಗೂಡುಕಟ್ಟುವ ವಸಂತದಲ್ಲಿ ಅಂಥ ಮರದ ಬುಡದಲ್ಲಿ ಹೆಚ್ಚು ಹೊತ್ತು ನಿಲ್ಲದೆ ದೂರದಿಂದಲೇ ಲೇಸರ್‌ನಲ್ಲಿ ಅಳೆಯಿರಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಬೇರುಸಹಿತ ಉರುಳಿದ ಮರಗಳ ಮೇಲೆ ಟೇಪ್ ಹಾಸಿ ಬಂದ ಅಳತೆಯನ್ನು ಎತ್ತರದ ಪಟ್ಟಿಗೆ ಸೇರಿಸಬಹುದೇ?

ಉತ್ತರ 1
ಬೇಡ. ಅದು ಕಾಂಡದ ಉದ್ದ. ಬಾಗಿ ನಿಂತಿದ್ದ ಮರವಾದರೆ ಉದ್ದಕ್ಕಿಂತ ಎತ್ತರ ಕಡಿಮೆಯೇ ಇದ್ದಿರುತ್ತದೆ. ಅದಕ್ಕೆ ಬೇರೆ ಕಾಲಂ ಇಟ್ಟು, ಮರ ಯಾವ ದಿಕ್ಕಿಗೆ ಬಿದ್ದಿದೆ ಎಂಬುದನ್ನೂ ದಿಕ್ಸೂಚಿಯಿಂದ ನೋಡಿ ಬರೆಯಿರಿ.